ಆಪರೇಷನ್‌ಗೆ ಮುನ್ನ ಅರ್ಧ ಲೋಟ ಚಹಾ

ಮನೆಯ ಹಿರಿಯರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ, ನಾಳೆ ಆಪರೇಷನ್ ಎಂದಿಟ್ಟುಕೊಳ್ಳಿ. ‘ಪಾಪ, ರಾತ್ರಿಯಿಂದ ಹಸಿದಿದ್ದಾರೆ’ ಎಂದು ಗುಟ್ಟಾಗಿ ಅರ್ಧ ಲೋಟ ಚಹಾ ಕುಡಿಸಬೇಡಿ. ಅರಿವಳಿಕೆಯಲ್ಲಿ ಗಂಟಲಿನ ಸಹಜ ಕಾವಲು ಸಡಿಲಾಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಮೂಳೆ ಮುರಿದ ನೋವು, ನೋವಿನ ಕೆಲವು ಇಂಜೆಕ್ಷನ್‌ಗಳು ಹೊಟ್ಟೆ ಖಾಲಿಯಾಗುವುದನ್ನು ಇನ್ನಷ್ಟು ತಡಮಾಡುತ್ತವೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದಾದರೂ ಇದೇ ನಿಯಮ, ಏಕೆಂದರೆ ನಡುವೆ ಪೂರ್ತಿ ಅರಿವಳಿಕೆ ಬೇಕಾಗಬಹುದು.

ಹಾಲಿನ ಚಹಾ, ಬಿಸ್ಕತ್ತುಗಳಿಗೆ ಸಾಮಾನ್ಯವಾಗಿ 6 ಗಂಟೆಯ ಅಂತರವಿರಬೇಕು. ಬಿರಿಯಾನಿಯಂಥ ಜಿಡ್ಡಿನ ಊಟಕ್ಕೆ 8 ಗಂಟೆ. ಆದರೆ ಬರೀ ನೀರನ್ನು ಹೆಚ್ಚಿನವರು 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಇದು ರಮಝಾನಿನ ಉಪವಾಸವಲ್ಲ. ಆ ಅಭ್ಯಾಸವಿರುವ ಹಿರಿಯರು ನೀರನ್ನೂ ಬಿಟ್ಟು ಮಲಗುತ್ತಾರೆ. ದೇಹದ ನೀರಿನಂಶ ತಗ್ಗಿದರೆ ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಕುಸಿಯುವ ಸಂಭವ ಹೆಚ್ಚು. ನಿಮ್ಮವರಿಗೆ ಎಷ್ಟು ಹೊತ್ತಿನವರೆಗೆ ನೀರು ಕೊಡಬಹುದೆಂದು ಅರಿವಳಿಕೆ ವೈದ್ಯರನ್ನೇ ಕೇಳಿ. ಸಕ್ಕರೆ ಕಾಯಿಲೆಯ, ರಕ್ತ ತೆಳುವಾಗಿಸುವ ಮಾತ್ರೆಗಳನ್ನೂ ಆಗಲೇ ತೋರಿಸಿಬಿಡಿ.

ಚಹಾ ಕುಡಿಸಿಯಾಗಿದ್ದರೆ? ಬೈಗುಳಕ್ಕೆ ಹೆದರದೆ ಹೇಳಿ. ಹೆಚ್ಚೆಂದರೆ ಆಪರೇಷನ್ ಕೆಲವು ಗಂಟೆ ಮುಂದಕ್ಕೆ ಹೋಗುತ್ತದೆ.