ಕರೆಂಟ್ ಹುಣ್ಣಿಗೆ ಕೆಂಪು ಬೆಳಕು

ಗುಟ್ಕಾ, ತಂಬಾಕಿನ ಚಟ ಧಾರವಾಡ ಸೀಮೆಯ ಎಷ್ಟೋ ಮನೆಗಳಿಗೆ ಬಾಯಿ ಕ್ಯಾನ್ಸರ್ ತಂದಿಟ್ಟಿದೆ. ಅಂಥವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ‘ಕರೆಂಟ್’ ಕೊಡಿಸಿಕೊಳ್ಳಲು, ಅಂದರೆ ವಿಕಿರಣ ಚಿಕಿತ್ಸೆಗೆ, ಹೋಗುತ್ತಾರೆ. ಎರಡು-ಮೂರು ವಾರ ಕಳೆಯುವಷ್ಟರಲ್ಲಿ ಬಾಯೊಳಗಿನ ತೆಳುಪೊರೆ ಕೆಂಪೇರಿ, ಸುಲಿದು ಹುಣ್ಣಾಗುತ್ತದೆ. ರೊಟ್ಟಿಯ ಮಾತಿರಲಿ, ಉಗುಳು ನುಂಗುವುದೂ ಕಷ್ಟ. ಕೆಲವರಿಗೆ ಮೂಗಿನ ನಳಿಗೆಯಲ್ಲೇ ಊಟ. ನೋವು ತಾಳಲಾರದೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಕ್ಯಾನ್ಸರ್ ಮತ್ತೆ ತಲೆ ಎತ್ತುವ ಭಯ.

ಈ ಸಂಕಟಕ್ಕೆ ಕಡಿಮೆ ಶಕ್ತಿಯ ಲೇಸರ್ ನೆರವಾಗಬಲ್ಲದು ಎಂದು ತೋರಿಸಿದವರಲ್ಲಿ ನಮ್ಮ ಮಣಿಪಾಲದವರೂ ಇದ್ದಾರೆ. ಅರುಣ್ ಮಯ್ಯ ಮತ್ತು ಸಂಗಡಿಗರು 50 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 2012ರದ್ದು ಇನ್ನೂ ದೊಡ್ಡದು: 221 ರೋಗಿಗಳು. ಅರ್ಧದಷ್ಟು ಜನರಿಗೆ ನಿಜವಾದ ಲೇಸರ್, ಉಳಿದವರಿಗೆ ಬರೀ ತೋರಿಕೆಯದು. ಯಾರಿಗೆ ಯಾವುದೆಂದು ರೋಗಿಗಳಿಗೂ ಗೊತ್ತಿರಲಿಲ್ಲ, ಹುಣ್ಣು ಪರೀಕ್ಷಿಸಿದವರಿಗೂ ಗೊತ್ತಿರಲಿಲ್ಲ. ಲೇಸರ್ ಪಡೆದವರಲ್ಲಿ ತೀವ್ರ ಹುಣ್ಣು, ನೋವು, ನುಂಗುವ ತೊಂದರೆ ಎಲ್ಲವೂ ಕಡಿಮೆ. ಮಾರ್ಫಿನ್ ಜಾತಿಯ ಔಷಧಿಯ ಅಗತ್ಯವೂ ತಗ್ಗಿತು.

ಕೊಡುವ ಕ್ರಮ ಸರಳ. ರೋಗಿಗೂ ಕೊಡುವವರಿಗೂ ಕಣ್ಣಿಗೆ ಕನ್ನಡಕ. ಕೆನ್ನೆಯ ಒಳಭಾಗ, ತುಟಿ, ನಾಲಿಗೆ, ಅಂಗುಳ ಹೀಗೆ ಒಂದೊಂದೇ ಜಾಗಕ್ಕೆ ಕೆಂಪು ಬೆಳಕು ಹಿಡಿಯುತ್ತಾರೆ. ಗಡ್ಡೆಯ ಮೇಲೆ ಮಾತ್ರ ಬೀಳಗೊಡುವುದಿಲ್ಲ. ಮಣಿಪಾಲದಲ್ಲಿ ಬಳಸಿದ್ದು 632.8 ನ್ಯಾನೊಮೀಟರ್ ತರಂಗಾಂತರದ ಹೀಲಿಯಂ-ನಿಯಾನ್ ಲೇಸರ್. ಕೊಯ್ಯುವುದಿಲ್ಲ, ಸುಡುವುದಿಲ್ಲ.

ಜೀವಕೋಶಗಳನ್ನು ಚುರುಕುಗೊಳಿಸುವ ಬೆಳಕಿನ ಈ ಗುಣ ಕಣ್ಣಿಗೆ ಬಿದ್ದದ್ದು 1967ರಲ್ಲಿ, ಬುಡಾಪೆಸ್ಟ್‌ನಲ್ಲಿ. ವೈದ್ಯ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೈಮೇಲೆ ಲೇಸರ್ ಹಾಯಿಸಿದಾಗ ಅಲ್ಲಿ ಕೂದಲು ಬೇಗ ಚಿಗುರಿತು. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಒಂದು ಕಿಣ್ವ ಕೆಂಪು ಬೆಳಕನ್ನು ಹೀರಿಕೊಂಡು ಶಕ್ತಿಯ ಉತ್ಪಾದನೆ ಹೆಚ್ಚಿಸುತ್ತದೆ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಪ್ರಮಾಣ ಮೀರಿದರೆ ಪರಿಣಾಮ ತಿರುಗುಮುರುಗು. ಹಾಗಾಗಿ ಮಂಡಿನೋವಿನಿಂದ ಹಿಡಿದು ಸಕಲ ರೋಗಕ್ಕೂ ಇದೇ ಮದ್ದೆನ್ನುವ ಜಾಹೀರಾತುಗಳನ್ನು ನಂಬಿ ಯಂತ್ರ ಕೊಳ್ಳುವುದು ತರವಲ್ಲ. ಕುತ್ತಿಗೆ ನೋವಿಗೆ ಒಂದಿಷ್ಟು ಆಧಾರವಿದೆ, ಆದರೆ ಕ್ಯಾನ್ಸರ್ ಚಿಕಿತ್ಸೆಯ ಬಾಯಿಹುಣ್ಣಿಗಿರುವಷ್ಟು ಗಟ್ಟಿ ಪುರಾವೆ ಬೇರೆಡೆ ಸಿಗುವುದು ಅಪರೂಪ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2018ರಲ್ಲೇ ಈ ಬಾಯಿಹುಣ್ಣಿಗೆ ಲೇಸರ್ ಬಳಸಲು ಒಪ್ಪಿಗೆ ಕೊಟ್ಟಿತು.

ಹುಣ್ಣೆದ್ದ ಮೇಲೆ ಓಡಾಡುವುದಕ್ಕಿಂತ ಮೊದಲ ದಿನದಿಂದಲೇ ಬೆಳಕು ಕೊಡಿಸುವುದು ಲೇಸು. ಕರೆಂಟ್ ಶುರುವಾಗುವ ಮುನ್ನ ಹಾಳಾದ ಹಲ್ಲು ಕೀಳಿಸಲು ದಂತವೈದ್ಯರ ಬಳಿ ಕಳಿಸುತ್ತಾರಲ್ಲ, ಲೇಸರ್ ಎಲ್ಲಿ ಸಿಗುತ್ತದೆಂದು ರೋಗಿಯ ಮನೆಯವರು ಅಲ್ಲೇ ಕೇಳಬೇಕು.