ನಾಜಿ ಸೈನಿಕನ ಪಾತ್ರ ಮಾಡುವವರ ಹೊಣೆ

ಎರಡನೇ ಮಹಾಯುದ್ಧದ ಕಾಳಗಗಳನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುವ ಹವ್ಯಾಸಿ ತಂಡಗಳು ಅಮೆರಿಕ, ಬ್ರಿಟನ್ ಮತ್ತು ಯುರೋಪಿನಲ್ಲಿವೆ. ಕಾಳಗವೆಂದ ಮೇಲೆ ಎದುರಾಳಿ ಬೇಕು. ಯಾರಾದರೂ ಹಿಟ್ಲರನ ಸೈನಿಕರಾಗಲೇಬೇಕು. ಆ ಪಾತ್ರ ಮಾಡುವುದು ತಪ್ಪಲ್ಲ. ಸಮವಸ್ತ್ರದ ಠೀವಿ ತೋರಿಸಿ, ಅದನ್ನು ತೊಟ್ಟವರು ನಡೆಸಿದ ಹತ್ಯೆಗಳನ್ನು ಮುಚ್ಚಿಡುವುದು ತಪ್ಪು.

ಯಾವ ಪಡೆ?
1946ರಲ್ಲಿ ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ ನಾಜಿ ಪಕ್ಷದ ಪಡೆಯಾದ ಎಸ್‌ಎಸ್ ಅನ್ನು ಅಪರಾಧಿ ಸಂಘಟನೆ ಎಂದು ಸಾರಿತು; ಅದರ ಸೇನಾಂಗ ವಾಫೆನ್ ಎಸ್‌ಎಸ್ ಕೂಡ ಅದರಲ್ಲಿ ಸೇರಿತ್ತು. ಹೀಗಾಗಿ ಕೆಲವು ಆಯೋಜಕರು ಎಸ್‌ಎಸ್ ವೇಷಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಹಾಗೆಂದು ಸಾಮಾನ್ಯ ಸೇನೆಯಾದ ವೇರ್ಮಾಖ್ಟ್ ಪಾತ್ರ ಆರಿಸಿಕೊಂಡರೆ ಹೊಣೆ ಕಳೆಯಲಿಲ್ಲ. ಯಹೂದಿಗಳ, ಯುದ್ಧಕೈದಿಗಳ ಕೊಲೆಯಲ್ಲಿ ಅದರ ಪಾಲೆಷ್ಟು ಎಂಬುದನ್ನು 1995ರಲ್ಲಿ ಹ್ಯಾಂಬರ್ಗಿನಲ್ಲಿ ಆರಂಭವಾದ ಪ್ರದರ್ಶನವೊಂದು ಜರ್ಮನರ ಮುಂದೆಯೇ ಇಟ್ಟಿತು.

ಲಾಂಛನ ಎಲ್ಲಿಯವರೆಗೆ?
ಜರ್ಮನಿಯ ದಂಡಸಂಹಿತೆಯ 86ಎ ಕಲಮಿನಡಿ ನಾಜಿ ಲಾಂಛನಗಳ ಬಹಿರಂಗ ಪ್ರದರ್ಶನ ಅಪರಾಧ. ಕಲೆ, ಸಂಶೋಧನೆ, ಬೋಧನೆಯಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ ಇದೆ. ಇಂಥ ಕಾನೂನಿಲ್ಲದ ಕಡೆ ತಂಡವೇ ಕಟ್ಟುಪಾಡು ಹಾಕಿಕೊಳ್ಳಬೇಕು. ಸಮವಸ್ತ್ರ ಕಣದೊಳಗೆ ಮಾತ್ರ. ಊಟಕ್ಕೋ ಪೆಟ್ರೋಲ್ ಬಂಕಿಗೋ ಹೊರಟರೆ ಬಟ್ಟೆ ಬದಲಿಸಲೇಬೇಕು. ನಾಜಿ ಸೆಲ್ಯೂಟ್ ಬೇಡ, ಮಕ್ಕಳನ್ನು ನಿಲ್ಲಿಸಿಕೊಂಡು ಫೋಟೊವೂ ಬೇಡ.

ಏನು ಹೇಳಬೇಕು?
ಇಂಥ ಶಿಬಿರಗಳ ಮೇಜಿನ ಮೇಲೆ ರೈಫಲ್, ಹೆಲ್ಮೆಟ್, ಊಟದ ಡಬ್ಬಿ ಇಡುತ್ತಾರೆ. ಹೊಲಿಗೆ, ಗುಂಡಿ, ಬೂಟಿನ ಮೊಳೆಯವರೆಗೆ ಎಲ್ಲವೂ ಕರಾರುವಾಕ್ಕಾಗಿರುತ್ತದೆ. ವಾಫೆನ್ ಎಸ್‌ಎಸ್‌ನ ‘ಡಾಸ್ ರೈಖ್’ ಡಿವಿಜನ್ನಿನ ಪಾತ್ರವಾದರೆ ಅದೇ ಮೇಜಿನ ಮೇಲೆ ಫ್ರಾನ್ಸಿನ ಒರಡೂರ್-ಸುರ್-ಗ್ಲಾನ್ ಹಳ್ಳಿಯ ಚಿತ್ರವೂ ಇರಬೇಕು. 1944ರ ಜೂನ್ 10ರಂದು ಆ ಡಿವಿಜನ್ನಿನ ಸೈನಿಕರು ಅಲ್ಲಿನ ಗಂಡಸರನ್ನು ಕೊಟ್ಟಿಗೆಗಳಲ್ಲಿ ಗುಂಡಿಟ್ಟು ಕೊಂದರು. ಹೆಂಗಸರು, ಮಕ್ಕಳನ್ನು ಚರ್ಚಿನೊಳಗೆ ಕೂಡಿಹಾಕಿ ಬೆಂಕಿ ಹಚ್ಚಿದರು. ಸತ್ತವರು 600ಕ್ಕೂ ಹೆಚ್ಚು. ಪ್ರೇಕ್ಷಕರು ಕೇಳಿದಾಗ ‘ನಾನು’ ಎನ್ನುವ ಪಾತ್ರದ ಮಾತು ಬಿಟ್ಟು, ‘ಇವರು ಹೀಗೆ ಮಾಡಿದರು’ ಎಂದು ಇತಿಹಾಸ ಬಲ್ಲವರಂತೆ ವಿವರಿಸಬೇಕು.

ಏನು ಆಡಬಾರದು?
ನರಮೇಧವನ್ನು ಆಡಿ ತೋರಿಸಬಾರದು. ಅದನ್ನು ಮಾತು, ದಾಖಲೆಗಳಿಂದಲೇ ತಿಳಿಸಬೇಕು. ಹಳೆಯ ರಣಭೂಮಿಗಳನ್ನೂ ನೋಡಿಕೊಳ್ಳುವ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯಂತೂ ತನ್ನ ನೆಲದಲ್ಲಿ ಎದುರುಬದುರು ಗುಂಡು ಹಾರಿಸುವ, ಸತ್ತಂತೆ ಬೀಳುವ ಅಣಕು ಕಾಳಗವನ್ನೇ ನಿಷೇಧಿಸಿದೆ. ಎಷ್ಟೇ ಅಧ್ಯಯನ ಮಾಡಿದರೂ ನಿಜವಾದ ಯುದ್ಧದ ದುರಂತ ಅಣಕಿಗೆ ಸಿಗದು ಎಂಬುದು ಅದರ ನಿಲುವು.

ತಂಡಕ್ಕೆ ಸೇರಬಯಸುವವರನ್ನು ಮೊದಲು ಕೇಳಬೇಕಾದ್ದು ಇಷ್ಟೇ: ಈ ಪಡೆ ಯಾರನ್ನು ಕೊಂದಿತು? ಉತ್ತರ ಗೊತ್ತಿಲ್ಲದವರಿಗೆ ಓದಲು ಪುಸ್ತಕ ಕೊಡಿ. ಕೇಳಿದ್ದಕ್ಕೇ ಸಿಡಿಮಿಡಿಗೊಳ್ಳುವವರಿಗೆ ಸಮವಸ್ತ್ರ ಕೊಡಬೇಡಿ.