ತಲೆಯೆಣಿಕೆಯೂ ಸಾಮರ್ಥ್ಯದ ಅಳತೆಯೂ

ಎಣಿಸುವುದು ಬೇರೆ, ಅಳೆಯುವುದು ಬೇರೆ. ಕಣಜದಲ್ಲಿ ಎಷ್ಟು ಚೀಲ ಭತ್ತವಿದೆಯೆಂದು ಎಣಿಸಿ ಹೇಳಿಬಿಡಬಹುದು. ಆದರೆ ಆ ಭತ್ತ ಮುಂದಿನ ಸುಗ್ಗಿಯವರೆಗೆ ಮನೆಯವರ ಹೊಟ್ಟೆಗೆ ಸಾಲುವುದೇ, ಬಿತ್ತನೆಗೆ ಉಳಿಯುವುದೇ ಎಂದು ತಿಳಿಯಲು ಚೀಲಗಳ ಸಂಖ್ಯೆಯೊಂದೇ ಸಾಕಾಗದು. ಅದರಲ್ಲಿ ಜೊಳ್ಳೆಷ್ಟು, ಸಾಲಕ್ಕೆ ಸಲ್ಲಬೇಕಾದುದೆಷ್ಟು, ಮನೆಯಲ್ಲಿ ಉಣ್ಣುವವರೆಷ್ಟು ಎಂದೂ ಕೇಳಬೇಕಾಗುತ್ತದೆ. ಒಂದು ನಾಡಿನ ವಿದ್ಯಾಬಲದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಆರೋಗ್ಯ ಸಂಶೋಧನೆಯ ಮಟ್ಟಿಗಂತೂ ಎಣಿಕೆಯನ್ನೇ ಅಳತೆಯೆಂದು ಭಾವಿಸಿದವರು ತೆರಬೇಕಾದ ಬೆಲೆ ಕೆಲವೊಮ್ಮೆ ಮನುಷ್ಯರ ಪ್ರಾಣವೇ ಆಗಿರುತ್ತದೆ.

ಒಂದು ಪ್ರದೇಶದಲ್ಲಿ ರೋಗಗಳನ್ನು ಕುರಿತು ಸಂಶೋಧನೆ ನಡೆಸಬಲ್ಲವರು ಎಷ್ಟು ಮಂದಿ ಇದ್ದಾರೆ, ಅವರ ಸಾಮರ್ಥ್ಯವೇನು ಎಂಬುದನ್ನು ಅಳೆಯುವುದು ಹೇಗೆ? ಈ ಪ್ರಶ್ನೆಯನ್ನು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕವನ್ನು ಎದುರಿಗಿಟ್ಟುಕೊಂಡು ವಿಚಾರಿಸೋಣ. ರೋಗದ ಹೊರೆಗೂ ಅದನ್ನು ಹೊರಬೇಕಾದ ಕೈಗಳಿಗೂ ನಡುವಣ ಅಂತರ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ 2006ರ ವರದಿಯ ಪ್ರಕಾರ ಜಗತ್ತಿನ ರೋಗಭಾರದ ಶೇಕಡಾ 24ರಷ್ಟನ್ನು ಆಫ್ರಿಕ ವಲಯ ಹೊತ್ತಿತ್ತು. ಜಗತ್ತಿನ ಆರೋಗ್ಯ ಕಾರ್ಯಕರ್ತರಲ್ಲಿ ಅದರ ಪಾಲಿಗೆ ಬಂದಿದ್ದವರು ಶೇಕಡಾ 3ರಷ್ಟು ಮಾತ್ರ.

ಇಂಥ ಅಳತೆಯ ಅಗತ್ಯವನ್ನು ಲೋಕದ ಗಮನಕ್ಕೆ ತಂದದ್ದು 1990ರಲ್ಲಿ ಪ್ರಕಟವಾದ ಒಂದು ವರದಿ. ಅಭಿವೃದ್ಧಿಗಾಗಿ ಆರೋಗ್ಯ ಸಂಶೋಧನೆ ಎಂಬ ವಿಷಯವನ್ನು ಪರಿಶೀಲಿಸಿದ ಸ್ವತಂತ್ರ ಅಂತರರಾಷ್ಟ್ರೀಯ ಆಯೋಗವೊಂದು, ತಡೆಯಬಹುದಾಗಿದ್ದ ಅಕಾಲಮೃತ್ಯುವಿನ ಹೊರೆಯಲ್ಲಿ ಶೇಕಡಾ 93ರಷ್ಟು ಬಡ ದೇಶಗಳ ಮೇಲಿದ್ದರೂ, ಜಗತ್ತಿನ ಆರೋಗ್ಯ ಸಂಶೋಧನೆಯ ಹಣದಲ್ಲಿ ಆ ದೇಶಗಳ ಸಮಸ್ಯೆಗಳಿಗೆ ವಿನಿಯೋಗವಾಗುತ್ತಿರುವುದು ಸುಮಾರು ಶೇಕಡಾ 5 ಮಾತ್ರವೆಂದು ಲೆಕ್ಕಹಾಕಿ ತೋರಿಸಿತು. ಪ್ರತಿಯೊಂದು ದೇಶವೂ, ಎಷ್ಟೇ ಬಡದಾಗಿರಲಿ, ತನ್ನ ರೋಗಗಳನ್ನು ತಾನೇ ಅರಿಯುವ ಶಕ್ತಿಯನ್ನು ಬೆಳೆಸಿಕೊಳ್ಳಬೇಕೆಂಬುದು ಆಯೋಗದ ಮುಖ್ಯ ಸಲಹೆಯಾಗಿತ್ತು. ಶಕ್ತಿ ಬೆಳೆಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಅಳೆಯಬೇಕಷ್ಟೆ.

ಸಂಶೋಧಕರನ್ನು ಎಣಿಸುವುದಕ್ಕೆ ಒಂದು ಶಾಸ್ತ್ರವೇ ಇದೆ. 1963ರಲ್ಲಿ ಇಟಲಿಯ ಫ್ರಾಸ್ಕಾತಿ ಎಂಬ ಪಟ್ಟಣದಲ್ಲಿ ಸೇರಿದ ತಜ್ಞರು ಇದಕ್ಕೊಂದು ಕೈಪಿಡಿಯನ್ನು ರೂಪಿಸಿದರು. ಆ ಊರಿನ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಅದರಲ್ಲಿ ಎರಡು ಬಗೆಯ ಲೆಕ್ಕಗಳಿವೆ. ಮೊದಲನೆಯದು ತಲೆಯೆಣಿಕೆ, ಸಂಶೋಧನೆಯಲ್ಲಿ ತೊಡಗಿದ ಪ್ರತಿಯೊಬ್ಬರನ್ನೂ ಒಂದೆಂದು ಹಿಡಿಯುವುದು. ಎರಡನೆಯದು ಪೂರ್ಣಕಾಲಿಕ ಸಮಾನ ಲೆಕ್ಕ. ಒಬ್ಬನು ವರ್ಷದಲ್ಲಿ ಎಷ್ಟು ಕಾಲವನ್ನು ನಿಜವಾಗಿ ಸಂಶೋಧನೆಗೆ ಕೊಟ್ಟನೆಂಬುದನ್ನು ನೋಡಿ, ಅಷ್ಟೇ ಅಂಶವನ್ನು ಎಣಿಕೆಗೆ ತೆಗೆದುಕೊಳ್ಳುವುದು. ಒಂದು ವೈದ್ಯಕೀಯ ಕಾಲೇಜಿನಲ್ಲಿ ಹನ್ನೆರಡು ಮಂದಿ ಪ್ರಾಧ್ಯಾಪಕರಿದ್ದಾರೆಂದು ಇಟ್ಟುಕೊಳ್ಳಿ. ಬೆಳಿಗ್ಗೆ ಹೊರರೋಗಿಗಳ ಸಾಲು, ಮಧ್ಯಾಹ್ನ ಪಾಠ, ಸಂಜೆ ವಾರ್ಡಿನ ಸುತ್ತು. ಇವೆಲ್ಲ ಮುಗಿದ ಮೇಲೆ ತಮ್ಮ ದುಡಿಮೆಯ ಕಾಲದಲ್ಲಿ ಆರನೆಯ ಒಂದು ಭಾಗವನ್ನು ಅವರು ಸಂಶೋಧನೆಗೆ ಮೀಸಲಿಟ್ಟರೆ, ತಲೆಯೆಣಿಕೆಯಲ್ಲಿ ಹನ್ನೆರಡಾಗಿರುವ ಸಂಖ್ಯೆ ಎರಡನೆಯ ಲೆಕ್ಕದಲ್ಲಿ ಕೇವಲ ಎರಡಾಗುತ್ತದೆ. ವೈದ್ಯರ ಕೊರತೆಯಿರುವ ನಾಡಿನಲ್ಲಿ ಇವೆರಡರ ಅಂತರ ಬಹಳ ದೊಡ್ಡದು. ಅಲ್ಲಿ ಸಂಶೋಧಕನ ದಿನವನ್ನು ರೋಗಿಗಳೇ ಮೊದಲು ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು.

ಈ ಎರಡನೆಯ ಲೆಕ್ಕದಂತೆ 2017ರಲ್ಲಿ ಜಗತ್ತಿನ ಸರಾಸರಿ, ಹತ್ತು ಲಕ್ಷ ಜನರಿಗೆ ಸುಮಾರು 1200 ಸಂಶೋಧಕರು. ಯೂರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಆ ಸಂಖ್ಯೆ ಸುಮಾರು 3700. ಸಹಾರಾದ ದಕ್ಷಿಣದ ಆಫ್ರಿಕದಲ್ಲಿ ಸುಮಾರು 100. ಇದು ಎಲ್ಲ ಶಾಸ್ತ್ರಗಳ ಸಂಶೋಧಕರೂ ಸೇರಿದ ಸಂಖ್ಯೆ ಎಂಬುದನ್ನು ಮರೆಯಬಾರದು. ಆರೋಗ್ಯಕ್ಕೆ ಸಂಬಂಧಿಸಿದವರು ಅದರಲ್ಲಿ ಒಂದು ಪಾಲು ಮಾತ್ರ.

ವ್ಯಕ್ತಿಗಳ ಎಣಿಕೆಯ ಮುಂದಿನ ಹೆಜ್ಜೆ ಸಂಸ್ಥೆಗಳ ಪರಿಶೀಲನೆ. ಆಫ್ರಿಕದ 42 ದೇಶಗಳ ಎಂಟುನೂರಕ್ಕೂ ಹೆಚ್ಚು ಆರೋಗ್ಯ ಸಂಶೋಧನಾ ಸಂಸ್ಥೆಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿ ನಡೆಸಿದ ಸಮೀಕ್ಷೆಯೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಇಂಥ ಸಮೀಕ್ಷೆಗಳು ಕೇಳುವ ಪ್ರಶ್ನೆಗಳು ಹಲವು: ಡಾಕ್ಟರೇಟ್ ಪಡೆದವರೆಷ್ಟು, ಮಹಿಳೆಯರೆಷ್ಟು, ಪ್ರಯೋಗಾಲಯಕ್ಕೆ ವಿದ್ಯುತ್ತು ತಪ್ಪದೆ ಬರುತ್ತದೆಯೇ, ಗ್ರಂಥಾಲಯಕ್ಕೆ ಪತ್ರಿಕೆಗಳು ಬರುತ್ತವೆಯೇ, ಮನುಷ್ಯರ ಮೇಲಿನ ಪ್ರಯೋಗಗಳನ್ನು ಪರಿಶೀಲಿಸುವ ನೀತಿಸಮಿತಿ ಉಂಟೇ, ಹಣ ಬರುವುದು ಸ್ವದೇಶದಿಂದಲೋ ಹೊರಗಿನಿಂದಲೋ. ಇವುಗಳ ಜೊತೆಗೆ ಪ್ರಕಟವಾದ ಪ್ರಬಂಧಗಳ ಲೆಕ್ಕವೂ ಇದೆ. ಆದರೆ ಪ್ರಬಂಧಗಳ ಲೆಕ್ಕ ಜಾಣ್ಮೆಯಿಂದ ಓದಬೇಕಾದ ಲೆಕ್ಕ. ದೊಡ್ಡ ಸೂಚಿಗಳು ಇಂಗ್ಲಿಷಿನ ಪತ್ರಿಕೆಗಳನ್ನು ಬೇಗ ಗುರುತಿಸುತ್ತವೆ. ಫ್ರೆಂಚ್ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಬರೆಯುವ ದೇಶಗಳ ದುಡಿಮೆ ಅಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಒಂದು ಪ್ರಬಂಧಕ್ಕೆ ಹತ್ತು ಮಂದಿ ಲೇಖಕರಿದ್ದರೆ ಮೊದಲನೆಯ ಹೆಸರು ಕೆಲಸವನ್ನು ನಡೆಸಿದವನದು, ಕೊನೆಯದು ಯೋಜನೆಯ ಮುಖ್ಯಸ್ಥನದು ಎಂಬುದು ವೈದ್ಯಶಾಸ್ತ್ರದ ರೂಢಿ. ಆಫ್ರಿಕದ ಸಂಶೋಧಕನ ಹೆಸರು ಎಷ್ಟೋ ಬಾರಿ ಈ ಎರಡರ ನಡುವೆ ಎಲ್ಲಿಯೋ ಇರುತ್ತದೆ.

ಇನ್ನು ಹೆಸರೇ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಲೈಬೀರಿಯದ ಕಥೆ ಉತ್ತರ ಹೇಳುತ್ತದೆ. 2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ, ಸಿಯೆರಾ ಲಿಯೋನ್ ಮತ್ತು ಲೈಬೀರಿಯ ದೇಶಗಳಲ್ಲಿ ಎಬೋಲಾ ಜ್ವರ ಹಬ್ಬಿತು. 2016ರಲ್ಲಿ ಅದು ಅಡಗುವ ಹೊತ್ತಿಗೆ 28,600ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ, 11,300ಕ್ಕೂ ಹೆಚ್ಚು ಮಂದಿ ಮಡಿದಿದ್ದರು. ಆ ಭಾಗದಲ್ಲಿ ಎಬೋಲಾ ಹಿಂದೆಂದೂ ಇರಲಿಲ್ಲವೆಂದೇ ಆರಂಭದಲ್ಲಿ ಎಲ್ಲರೂ ನಂಬಿದ್ದರು. ಆದರೆ 1982ರಷ್ಟು ಹಿಂದೆಯೇ ಜರ್ಮನ್ ಸಂಶೋಧಕರು ಲೈಬೀರಿಯದ ಜನರ ರಕ್ತವನ್ನು ಪರೀಕ್ಷಿಸಿ, ಕೆಲವರಲ್ಲಿ ಎಬೋಲಾ ಸೋಂಕಿನ ಕುರುಹು ಕಂಡಿದೆಯೆಂದೂ ಆ ದೇಶವನ್ನು ಎಬೋಲಾ ವಲಯಕ್ಕೆ ಸೇರಿಸಬೇಕೆಂದೂ ಯೂರೋಪಿನ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಲೈಬೀರಿಯದ ಅಂದಿನ ಮುಖ್ಯ ವೈದ್ಯಾಧಿಕಾರಿ ಬರ್ನಿಸ್ ಡಾನ್ ಇಬ್ಬರು ಸಹಲೇಖಕರೊಡನೆ 2015ರ ಏಪ್ರಿಲಿನಲ್ಲಿ ಅಮೆರಿಕದ ದಿನಪತ್ರಿಕೆಯೊಂದರಲ್ಲಿ ಈ ಸಂಗತಿಯನ್ನು ಹೊರಗೆಡಹಿದರು. ಅಂಥ ಪ್ರಬಂಧಗಳಲ್ಲಿ ಒಂದಕ್ಕೂ ಲೈಬೀರಿಯದವರೊಬ್ಬರು ಸಹಲೇಖಕರಾಗಿರಲಿಲ್ಲ. ಆ ಪ್ರಬಂಧವನ್ನು ಪಡೆದು ಓದಬೇಕಾದರೆ ತೆರಬೇಕಾಗಿದ್ದ ಬೆಲೆ 45 ಡಾಲರ್. ಅದು ಅಲ್ಲಿನ ವೈದ್ಯರ ಅರ್ಧ ವಾರದ ಸಂಬಳ.

ಲೈಬೀರಿಯದಲ್ಲಿ ಪ್ರಯೋಗಾಲಯವೇ ಇರಲಿಲ್ಲವೆಂದು ಭಾವಿಸಬಾರದು. 1970ರ ದಶಕದಿಂದಲೂ ಅಮೆರಿಕದ ಸಂಸ್ಥೆಯೊಂದು ಅಲ್ಲಿ ಚಿಂಪಾಂಜಿಗಳನ್ನು ಸಾಕಿ ಹೆಪಟೈಟಿಸ್ ರೋಗದ ಬಗ್ಗೆ ಪ್ರಯೋಗ ನಡೆಸುತ್ತಿತ್ತು. ಕಟ್ಟಡವನ್ನೂ ಸಂಶೋಧನೆಯನ್ನೂ ಪ್ರಬಂಧಗಳನ್ನೂ ಎಣಿಸುವವರಿಗೆ ಅಲ್ಲಿ ಅಷ್ಟಿಷ್ಟು ಸಿಕ್ಕುತ್ತಿತ್ತು. ಸಿಕ್ಕದಿದ್ದುದು, ಆ ತಿಳಿವನ್ನು ಮನೆಯೊಳಗೆ ಹಿಡಿದಿಟ್ಟುಕೊಂಡು ಮೂವತ್ತು ವರ್ಷಗಳ ಮೇಲೆ ನೆನಪಿಸಬಲ್ಲ ಜನ. ಅಂತರ್ಯುದ್ಧದ ವರ್ಷಗಳು ಇದ್ದ ಕೆಲವರನ್ನೂ ಚದರಿಸಿದವು. 1982ರ ಪರೀಕ್ಷಾವಿಧಾನ ಅಷ್ಟು ನಂಬಲರ್ಹವಾಗಿರಲಿಲ್ಲವೆಂದು ವಿಜ್ಞಾನಿಗಳಲ್ಲಿ ಆಕ್ಷೇಪವುಂಟು. ಅದು ನಿಜವಿರಬಹುದು. ಆದರೆ ಅನುಮಾನ ಬಂದ ಮೇಲೆ ಅದನ್ನು ಮರುಪರೀಕ್ಷಿಸಿ ಪರಿಹರಿಸಿಕೊಳ್ಳಬೇಕಾದವರು ಯಾರು? ಅದರಿಂದ ಸಾಯಬೇಕಾದ ಊರಿನವರೇ ಅಲ್ಲವೇ? ಓದುವವರಿಲ್ಲದ ತಾಳೆಗರಿಯಂತೆ ಆ ಎಚ್ಚರಿಕೆ ಬೇರೊಂದು ಖಂಡದ ಗ್ರಂಥಾಲಯದಲ್ಲಿ ಮಲಗಿತ್ತು.

ಅದೇ ವರ್ಷ, ಅದೇ ರೋಗ ನೈಜೀರಿಯದಲ್ಲಿ ಬೇರೊಂದು ಗತಿಯನ್ನು ಹಿಡಿಯಿತು. 2014ರ ಜುಲೈ ತಿಂಗಳಲ್ಲಿ ಲೈಬೀರಿಯದಿಂದ ವಿಮಾನದಲ್ಲಿ ಬಂದ ರೋಗಿಯೊಬ್ಬನಿಂದ ಎಬೋಲಾ ಲಾಗೋಸ್ ಮಹಾನಗರವನ್ನು ಹೊಕ್ಕಿತು. ಜನ ಕಿಕ್ಕಿರಿದ ಆ ನಗರದಲ್ಲಿ ಅದು ಹಬ್ಬಿದ್ದರೆ ಏನಾಗುತ್ತಿತ್ತೆಂದು ಊಹಿಸುವುದೂ ಕಷ್ಟ. ಆದರೆ ರೋಗ ತಗುಲಿದವರು 20 ಮಂದಿ, ಸತ್ತವರು 8 ಮಂದಿ. ಅಕ್ಟೋಬರ್ 20ರಂದು ನೈಜೀರಿಯ ರೋಗಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ವೈರಾಣುವನ್ನು ಗುರುತಿಸಿದ ಪ್ರಯೋಗಾಲಯಗಳು ದೇಶದೊಳಗೇ ಇದ್ದವು. ಕ್ರಿಸ್ಟಿಯನ್ ಹ್ಯಾಪಿ ಅವರೂ ಅವರ ಸಂಗಡಿಗರೂ ವರ್ಷಗಳಿಂದ ಲಾಸಾ ಜ್ವರದ ಮೇಲೆ ಕೆಲಸ ಮಾಡುತ್ತ ಕೈ ಪಳಗಿಸಿಕೊಂಡಿದ್ದರು. ಪೋಲಿಯೋ ನಿರ್ಮೂಲನಕ್ಕಾಗಿ ಮನೆಮನೆ ಅಲೆದು ಅನುಭವ ಪಡೆದಿದ್ದ ಕಾರ್ಯಕರ್ತರು ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕಿ ತೆಗೆದರು. ಒಂದು ರೋಗಕ್ಕಾಗಿ ಬೆಳೆದ ಸಾಮರ್ಥ್ಯ ಇನ್ನೊಂದು ರೋಗದ ಹೊತ್ತಿಗೆ ಒದಗಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಗತಿ ಅವರಿಗೆ ಬರಲಿಲ್ಲ.

ಹಾಗಾದರೆ ಹೊರಗಿನವರ ನೆರವು ಬೇಡವೆಂದು ಅರ್ಥವೇ? ಖಂಡಿತ ಅಲ್ಲ. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವು 1936ರಲ್ಲಿ ಉಗಾಂಡದ ಎಂಟೆಬ್ಬೆಯಲ್ಲಿ ಹಳದಿ ಜ್ವರದ ಸಂಶೋಧನಾಲಯವನ್ನು ತೆರೆಯಿತು. ಜೀಕಾ ವೈರಾಣುವನ್ನು 1947ರಲ್ಲಿ ಮೊದಲು ಬೇರ್ಪಡಿಸಿದ್ದು ಅಲ್ಲಿಯೇ. ಅದೇ ಪ್ರತಿಷ್ಠಾನ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ಸೇರಿ ಪುಣೆಯಲ್ಲಿ ವೈರಾಣು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಐದು ವರ್ಷ ಕಳೆಯುವಷ್ಟರಲ್ಲಿ ಅದರ ಅಗತ್ಯ ಕನ್ನಡ ನಾಡಿಗೇ ಬಂದಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸುವಗಳು ಸತ್ತು ಬೀಳತೊಡಗಿ, ಸುತ್ತಲ ಹಳ್ಳಿಗರೂ ಜ್ವರದಿಂದ ನರಳಿದಾಗ, ಹಳದಿ ಜ್ವರವೇ ಬಂದಿತೋ ಎಂಬ ಭಯ ಹುಟ್ಟಿತು. ಪುಣೆಯ ತಂಡ ಕೆಲವೇ ತಿಂಗಳುಗಳಲ್ಲಿ ಹೊಸ ವೈರಾಣುವನ್ನು ಬೇರ್ಪಡಿಸಿ, ಉಣ್ಣೆಗಳಿಂದ ಹರಡುವ ಬೇರೆಯೇ ರೋಗವಿದೆಂದು ತೋರಿಸಿಕೊಟ್ಟಿತು. ನಾವು ಮಂಗನ ಕಾಯಿಲೆ ಎಂದು ಕರೆಯುವುದು ಅದನ್ನೇ. ಮೊದಲು ಹೊರಗಿನ ತಜ್ಞರ ಜೊತೆಯಲ್ಲಿ ಪಳಗಿದ ಭಾರತೀಯರು, 1967ರಲ್ಲಿ ಪ್ರತಿಷ್ಠಾನ ಹಿಂದೆ ಸರಿದ ಮೇಲೂ ಕೇಂದ್ರವನ್ನು ನಡೆಸಿದರು. 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು ಪಡೆದ ಅದೇ ಸಂಸ್ಥೆ 2020ರ ಜನವರಿಯಲ್ಲಿ ಭಾರತದ ಮೊದಲ ಕೋವಿಡ್ ಸೋಂಕನ್ನು ಖಚಿತಪಡಿಸಿತು. ನೆರವು ನೀಡಿದವರು ಹೊರಟುಹೋದ ಮರುದಿನ ಉಳಿಯುವುದೇನು? ಸಾಮರ್ಥ್ಯದ ನಿಜವಾದ ಪರೀಕ್ಷೆ ಈ ಪ್ರಶ್ನೆಯಲ್ಲಿದೆ.

ಇಂಥ ಬೆಳವಣಿಗೆಗೆ ಹಿಡಿಯುವ ಕಾಲವೆಷ್ಟು ಎಂಬುದಕ್ಕೆ ಕಾಂಗೋ ದೇಶದ ಜಾನ್-ಜಾಕ್ ಮುಯೆಂಬೆ ಅವರ ಜೀವನವೇ ನಿದರ್ಶನ. 1976ರಲ್ಲಿ ಯಾಂಬುಕು ಎಂಬ ಹಳ್ಳಿಯಲ್ಲಿ ಅರಿಯದ ಜ್ವರವೊಂದು ಕಾಣಿಸಿಕೊಂಡಾಗ ಅಲ್ಲಿಗೆ ಧಾವಿಸಿದ ವಿಜ್ಞಾನಿ ಅವರು. ರೋಗಿಯ ರಕ್ತವನ್ನು ಪರೀಕ್ಷಿಸುವ ಅನುಕೂಲ ದೇಶದಲ್ಲಿ ಇಲ್ಲದುದರಿಂದ ಅದು ಬೆಲ್ಜಿಯಂಗೆ ಹೋಯಿತು. ಎಬೋಲಾ ಎಂಬ ಹೊಸ ವೈರಾಣುವನ್ನು ಕಂಡುಹಿಡಿದ ಕೀರ್ತಿ ಬಹುಕಾಲ ಹೊರಗಿನವರ ಪಾಲಾಯಿತು. ಆದರೆ ಮುಯೆಂಬೆ ಕಿನ್ಷಾಸದಲ್ಲಿಯೇ ನಿಂತು ರಾಷ್ಟ್ರೀಯ ಸಂಶೋಧನಾ ಸಂಸ್ಥೆಯನ್ನು ಬೆಳೆಸಿದರು. 1995ರಲ್ಲಿ ಕಿಕ್ವಿಟ್ ಪಟ್ಟಣದಲ್ಲಿ ಎಬೋಲಾದಿಂದ ಬದುಕುಳಿದ ವ್ಯಕ್ತಿಯೊಬ್ಬರ ರಕ್ತದಿಂದ ರೂಪುಗೊಂಡ ಔಷಧಿಯನ್ನು 2018ರಿಂದ 2019ರವರೆಗೆ ಕಾಂಗೋದಲ್ಲಿಯೇ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ಆ ಪರೀಕ್ಷೆಯ ಮುಂದಾಳುಗಳಲ್ಲಿ ಅವರೂ ಒಬ್ಬರು. 2020ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಅದಕ್ಕೆ ಮನ್ನಣೆ ನೀಡಿತು. ರಕ್ತದ ಶೀಶೆ ಹೊರಗೆ ಹೋದ ದಿನಕ್ಕೂ ಔಷಧಿ ಸಿದ್ಧವಾದ ದಿನಕ್ಕೂ ನಡುವೆ 44 ವರ್ಷಗಳು. ಐದು ವರ್ಷಕ್ಕೊಮ್ಮೆ ನಡೆಯುವ ಎಣಿಕೆಗಳಲ್ಲಿ ಮುಯೆಂಬೆ ಪ್ರತಿ ಸಲವೂ ಒಂದು ತಲೆಯಾಗಿಯೇ ಕಾಣಿಸಿಕೊಂಡಾರು. ಆ ಒಂದು ತಲೆಯ ಸುತ್ತ ಎಷ್ಟು ಶಿಷ್ಯರು ಬೆಳೆದರೆಂಬುದು ಎಣಿಕೆಗೆ ಸಿಕ್ಕುವುದಿಲ್ಲ.

ಎಣಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸಂಖ್ಯೆಯಿಲ್ಲದೆ ಸರ್ಕಾರಗಳನ್ನು ಕೇಳುವ ಬಗೆಯೇ ಇಲ್ಲ. 2008ರಲ್ಲಿ ಮಾಲಿ ದೇಶದ ಬಮಾಕೋ ನಗರದಲ್ಲಿ ಸೇರಿದ ಮಂತ್ರಿಗಳು, ಆರೋಗ್ಯ ಇಲಾಖೆಯ ಆಯವ್ಯಯದಲ್ಲಿ ಕನಿಷ್ಠ ಶೇಕಡಾ 2ರಷ್ಟು ಸಂಶೋಧನೆಗೆ ಮೀಸಲಾಗಬೇಕೆಂದು ಕರೆಕೊಟ್ಟರು. ಕೊಟ್ಟ ಮಾತು ನಡೆಯಿತೇ ಎಂದು ಕೇಳುವ ನಾಗರಿಕನ ಕೈಯಲ್ಲಿ ಅಂಕಿಯಿರಬೇಕು. ಆದರೆ ಅಂಕಿಯ ಪಕ್ಕದಲ್ಲಿ ಮೂರು ಪ್ರಶ್ನೆಗಳೂ ಇರಬೇಕು. ಯಾವ ರೋಗವನ್ನು ಪರಿಶೋಧಿಸಬೇಕೆಂದು ನಿರ್ಧರಿಸಿದವರು ಯಾರು? ಕಂಡುಕೊಂಡ ತಿಳಿವು ಯಾರ ಮನೆಯಲ್ಲಿ ಉಳಿಯಿತು? ಇಂದಿನ ಸಂಶೋಧಕ ನಿವೃತ್ತನಾದ ಮೇಲೆ ಅವನ ಕುರ್ಚಿಯಲ್ಲಿ ಕೂರುವವರು ಸಿದ್ಧರಿದ್ದಾರೆಯೇ?

ಹಿತ್ತಿಲ ಗಿಡ ಮದ್ದಲ್ಲ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಮನೆಯ ಬಳಿಯ ವಸ್ತುವನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಅದು ಹಾಸ್ಯಮಾಡುತ್ತದೆ. 2021ರ ನವೆಂಬರಿನಲ್ಲಿ ಕೋವಿಡ್ ವೈರಾಣುವಿನ ಓಮಿಕ್ರಾನ್ ಎಂಬ ಹೊಸ ರೂಪವನ್ನು ಗುರುತಿಸಿ ಜಗತ್ತನ್ನು ಎಚ್ಚರಿಸಿದವರು ಬೋಟ್ಸ್ವಾನ ಮತ್ತು ದಕ್ಷಿಣ ಆಫ್ರಿಕಗಳ ವಿಜ್ಞಾನಿಗಳು. ಕ್ಷಯ, ಏಡ್ಸ್ ರೋಗಗಳ ಸಂಶೋಧನೆಯಲ್ಲಿ ಪಳಗಿದ ನೆಲ ಅದು. ಎಚ್ಚರಿಕೆಗೆ ಪ್ರತಿಯಾಗಿ ಆ ದೇಶಗಳಿಗೆ ಮೊದಲು ದೊರೆತದ್ದು ಪ್ರಯಾಣ ನಿರ್ಬಂಧ. ಆದರೂ ಆ ಎಚ್ಚರಿಕೆ ಸಕಾಲದಲ್ಲಿ ಎಲ್ಲರಿಗೂ ಮುಟ್ಟಿತು. ಹಿತ್ತಿಲಲ್ಲಿ ಗಿಡಗಳೆಷ್ಟಿವೆ ಎಂದು ಎಣಿಸುವುದು ಒಳ್ಳೆಯದೇ. ಅವುಗಳ ಬೇರು ನಮ್ಮ ನೆಲದಲ್ಲಿ ಎಷ್ಟು ಆಳಕ್ಕಿಳಿದಿದೆಯೆಂದು ನೋಡುವುದು ಅದಕ್ಕಿಂತ ಮುಖ್ಯ.